ಪರೀಕ್ಷೆ ಜ್ವರಕ್ಕೆ ಅಮ್ಮನ ಕೈಮದ್ದು

ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಖಾಲಿಯಾಗುವ ಹೊತ್ತಿಗೆ ಎಸ್ಸೆಸ್ಸೆಲ್ಸಿ, ಸೆಕೆಂಡ್ ಪಿಯುಸಿ ಮಕ್ಕಳಿರುವ ಮನೆಗಳ ಹವಾಮಾನವೇ ಬದಲಾಗಿಬಿಡುತ್ತದೆ. ಟಿವಿ ಬಂದ್, ನೆಂಟರ ಮನೆ ಬಂದ್, ಮೇಲುಕೋಟೆಯ ವೈರಮುಡಿಗೆ ಹೋಗುವುದೂ ಬಂದ್! ಮಾರ್ಚ್-ಏಪ್ರಿಲ್ ಬಂತೆಂದರೆ ಉತ್ಸವ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಯಾವ ಊರಿನ ಬೀದಿಯಲ್ಲಿ ನಡೆದರೂ ಕಿಟಕಿಯಿಂದ ಕೇಳಿಬರುವುದು ಒಂದೇ ಮಾತು: "ಓದ್ಕೊಂಡ್ಯಾ? ಇನ್ನೂ ಯಾಕೆ ಓದ್ತಿಲ್ಲ?"

ಓದುವ ಮಗುವಿಗೆ ಈ ಮಾತು ಕಿರಿಕಿರಿ. ಓದಲಾಗದೆ ಒಳಗೇ ನಡುಗುತ್ತಿರುವ ಮಗುವಿಗೆ ಇದು ಏಟು. ಎರಡೂ ಮಕ್ಕಳು ಹೊರಗಿನಿಂದ ನೋಡಲು ಒಂದೇ ಥರ ಕಾಣುತ್ತಾರೆ. ಪುಸ್ತಕ ತೆರೆದಿರುತ್ತದೆ, ತಲೆ ತಗ್ಗಿರುತ್ತದೆ. ವ್ಯತ್ಯಾಸ ಗೊತ್ತು ಮಾಡಿಕೊಳ್ಳಬೇಕಾದವರು ನಾವು, ಅಮ್ಮಂದಿರು.

ಭಯ ಮೊದಲು ಮೈಗೆ, ಆಮೇಲೆ ಮನಸ್ಸಿಗೆ

"ಅಮ್ಮಾ, ಹೊಟ್ಟೆ ನೋಯ್ತಿದೆ" ಎಂದು ಮಗಳು ಹೇಳಿದರೆ "ಓದೋಕೆ ಕೂತ್ರೆ ಮಾತ್ರ ನಿಂಗೆ ಹೊಟ್ಟೆನೋವು" ಎಂದು ಗದರುವುದು ಸುಲಭ. ಆದರೆ ಅದು ನಾಟಕವಲ್ಲದೆಯೂ ಇರಬಹುದು. ಹೆದರಿಕೆಯಾದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತದೆ. ಎದೆ ಡವಡವ, ಅಂಗೈ ಒದ್ದೆ, ಬಾಯಿ ಒಣಗುವುದು, ಪದೇ ಪದೇ ಬಾತ್‌ರೂಮಿಗೆ ಓಡುವುದು, ಇವೆಲ್ಲ ಅದರ ಫಲ. ಹುಲಿ ಎದುರಾದರೆ ಓಡಿಹೋಗಲು ದೇಹ ಮಾಡಿಕೊಂಡಿರುವ ಏರ್ಪಾಡು ಇದು. ಗಣಿತದ ಪ್ರಶ್ನೆಪತ್ರಿಕೆಯ ಎದುರು ಓಡಲಾಗುವುದಿಲ್ಲವಲ್ಲ! ಹಾಗಾಗಿ ಓದಿದ್ದು ತಲೆಯಲ್ಲಿದ್ದರೂ ನಾಲಿಗೆಗೆ, ಕೈಗೆ ಬರುವುದಿಲ್ಲ.

ಸ್ವಲ್ಪ ಟೆನ್ಷನ್ ಬೇಕು ಎನ್ನುವುದೂ ನಿಜವೇ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನಃಶಾಸ್ತ್ರಜ್ಞರು 1908ರಷ್ಟು ಹಿಂದೆಯೇ ಇದನ್ನು ತೋರಿಸಿದ್ದರು. ಒತ್ತಡ ತೀರಾ ಕಡಿಮೆಯಾದರೆ ಕಲಿಕೆ ಸಾಗದು, ಅತಿಯಾದರೂ ಸಾಗದು. ಮುದ್ದೆ ತೊಳಸುವಾಗಿನ ಉರಿಯಂತೆ, ಹದವಾಗಿರಬೇಕು ಅಷ್ಟೆ. ಮೈಯನ್ನು ಮೊದಲು ತಣ್ಣಗೆ ಮಾಡಿ, ಬುದ್ಧಿಮಾತು ಆಮೇಲೆ. ನಡುಗುವ ಮಗುವಿಗೆ ಉಪದೇಶ ಕೇಳಿಸುವುದೇ ಇಲ್ಲ.

ಮನೆಯಲ್ಲೇ ಕಲಿಸಬಹುದಾದ ನಾಲ್ಕು ಉಪಾಯ

1. ಉಸಿರು: ಬೆನ್ನು ನೆಟ್ಟಗೆ ಮಾಡಿ ಕೂತು, ಒಂದು ಕೈ ಹೊಟ್ಟೆಯ ಮೇಲಿಡಲಿ. ಮನಸ್ಸಿನಲ್ಲಿ 4 ಎಣಿಸುತ್ತಾ ಮೂಗಿನಿಂದ ಉಸಿರು ಒಳಕ್ಕೆ, 6 ಎಣಿಸುತ್ತಾ ನಿಧಾನ ಹೊರಕ್ಕೆ. ಹೊಟ್ಟೆ ಉಬ್ಬಿ ಇಳಿಯಬೇಕು. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ, ಗುಟ್ಟು ಇರುವುದೇ ಅಲ್ಲಿ. ಒಂದು ನಿಮಿಷಕ್ಕೆ ಇಂಥ ಆರು ಉಸಿರು. ಗಂಜಾಂನ ನಿಮಿಷಾಂಬೆಗೆ ಹರಕೆ ಹೊತ್ತು ಬರುವ ಅಮ್ಮಂದಿರು ಬಹಳ. ಹರಕೆ ಇರಲಿ ಬಿಡಿ, ಜೊತೆಗೆ ದಿನಕ್ಕೆ ಎರಡು ಸಲ ಐದೈದು ನಿಮಿಷ ಈ ಉಸಿರನ್ನೂ ಮಾಡಿಸಿ. ತಲೆ ಸುತ್ತಿದರೆ ನಿಲ್ಲಿಸಿ ಮಾಮೂಲಿನಂತೆ ಉಸಿರಾಡಲಿ. ಉಬ್ಬಸವಿರುವ ಮಕ್ಕಳಿಗೆ ಉಸಿರು ಬಿಗಿಹಿಡಿಯುವ ಪ್ರಾಣಾಯಾಮ ಬೇಡ.

2. ಬಿಗಿ-ಸಡಿಲ: ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು ಕಳೆದ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದ ವಿಧಾನ ಇದು. ಮುಷ್ಟಿಯನ್ನು 5 ಸೆಕೆಂಡ್ ಗಟ್ಟಿಯಾಗಿ ಹಿಡಿದು, 10 ಸೆಕೆಂಡ್ ಪೂರ್ತಿ ಸಡಿಲ ಬಿಡುವುದು. ಹಾಗೆಯೇ ಭುಜ, ಮುಖ, ಹೊಟ್ಟೆ, ತೊಡೆ, ಕಾಲ್ಬೆರಳು. ರಾತ್ರಿ ಮಲಗಿದಾಗ ಮಾಡಿದರೆ ನಿದ್ದೆ ಬೇಗ ಬರುತ್ತದೆ.

3. ಐದು-ನಾಲ್ಕು-ಮೂರು-ಎರಡು-ಒಂದು: ಮನಸ್ಸು "ಫೇಲಾದ್ರೆ? ಫೇಲಾದ್ರೆ?" ಎಂದು ಗಾಣದೆತ್ತಿನಂತೆ ಸುತ್ತುತ್ತಿದೆಯಾ? ಕಣ್ಣಿಗೆ ಕಾಣುವ 5 ವಸ್ತು, ಮುಟ್ಟಬಹುದಾದ 4, ಕೇಳಿಸುವ 3 ಸದ್ದು, 2 ವಾಸನೆ, 1 ರುಚಿ ಹೇಳಿಸಿ. ಕುಕ್ಕರ್ ಸೀಟಿ, ದೇವಸ್ಥಾನದ ಗಂಟೆ, ಒಗ್ಗರಣೆ ಘಮ, ಬೆಲ್ಲದ ಚೂರು, ಏನಾದರೂ ಆಗಬಹುದು. ನಾಳೆಯ ಭಯದಲ್ಲಿದ್ದ ಮನಸ್ಸು ಇವತ್ತಿಗೆ ವಾಪಸ್ ಬರುತ್ತದೆ.

4. ಭಯವನ್ನು ಬರೆದುಬಿಡುವುದು: ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಆತಂಕವನ್ನು ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು ಹೆಚ್ಚು ಚೆನ್ನಾಗಿ ಉತ್ತರಿಸಿದರೆಂದು ರಮಿರೆಜ್ ಮತ್ತು ಬೇಲಾಕ್ ಎಂಬ ಸಂಶೋಧಕರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಮಗು ಬರೆದದ್ದನ್ನು ನೀವು ಓದಲೇಬೇಕೆಂದಿಲ್ಲ. ಬರೆದು ಹರಿದು ಹಾಕಲಿ.

ಒಂದು ಮಾತು ನೆನಪಿರಲಿ. ಪರೀಕ್ಷೆಯ ಹಿಂದಿನ ರಾತ್ರಿ ಕಲಿಸಿದರೆ ಇದ್ಯಾವುದೂ ಕೈಹಿಡಿಯುವುದಿಲ್ಲ. ಸೈಕಲ್ ಕಲಿತಂತೆ, ಮೂರು-ನಾಲ್ಕು ವಾರ ಮುಂಚಿನಿಂದಲೇ ಅಭ್ಯಾಸ ಬೇಕು. "ನೀನು ಮಾಡು" ಅನ್ನಬೇಡಿ, ಪಕ್ಕದಲ್ಲಿ ಕೂತು ನೀವೂ ಮಾಡಿ. ನಿಮ್ಮ ಬಿಪಿಗೂ ಒಳ್ಳೆಯದು!

ಪಾಠ ಬಾರದ ಭಯಕ್ಕೆ ಪಾಠವೇ ಮದ್ದು

ಟ್ರಿಗ್ನಾಮೆಟ್ರಿ ಅರ್ಥವೇ ಆಗದ ಮಗುವಿಗೆ ಬರೀ ಉಸಿರಾಟ ಮಾಡಿಸಿದರೆ ಸಾಲದು. "ಯಾವ ಪಾಠ ಕಂಡ್ರೆ ಹೆದರಿಕೆ?" ಎಂದು ಕೇಳಿ ಪಟ್ಟಿ ಮಾಡಿ. ಮೇಷ್ಟ್ರ ಹತ್ತಿರ ಹೋಗಿ ಆ ಪಟ್ಟಿ ತೋರಿಸಿ. ಅದೇ ಪುಟವನ್ನು ಹತ್ತು ಸಲ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದು ನೋಡುವುದು ಹೆಚ್ಚು ದಿನ ನೆನಪಲ್ಲಿ ಉಳಿಯುತ್ತದೆ. ನೀವು ಅವರೆಕಾಯಿ ಸುಲಿಯುತ್ತಾ ಕೂತು "ನಂಗೆ ಹೇಳ್ಕೊಡು ನೋಡೋಣ" ಎಂದರೂ ಸಾಕು, ನಿಮಗೆ ವಿಜ್ಞಾನ ಬರಬೇಕೆಂದೇನಿಲ್ಲ.

ನಿದ್ದೆಗೆ ಕತ್ತರಿ ಹಾಕಬೇಡಿ. ಈ ವಯಸ್ಸಿನ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಕೂರುವುದೇ ನಿದ್ದೆಯಲ್ಲಿ. ರಾತ್ರಿ ಲೋಟಗಟ್ಟಲೆ ಕಾಫಿ ಕೊಟ್ಟು ಎಚ್ಚರವಿರಿಸುವ ಬದಲು, ಹತ್ತಕ್ಕೆ ಮಲಗಿಸಿ ಬೆಳಿಗ್ಗೆ ಎಬ್ಬಿಸಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ನಿಮ್ಮದೂ ಅಲ್ಲೇ ಇರಲಿ!

ಆಡಬಾರದ ಮಾತು

"ಎದುರು ಮನೆ ಹುಡುಗಿ ನೋಡು", "ನಿನ್ ಅಪ್ಪ ಸಾಲ ಮಾಡಿ ಟ್ಯೂಷನ್‌ಗೆ ಕಟ್ಟಿದ್ದಾರೆ", "ಫೇಲಾದ್ರೆ ಆಲೆಮನೆಗೆ ಕಳಿಸ್ತೀನಿ". ಹೆಣ್ಣುಮಕ್ಕಳಿಗಂತೂ ಇನ್ನೊಂದು ಬೆದರಿಕೆ, "ಓದ್ದಿದ್ರೆ ಮದುವೆ ಮಾಡಿಬಿಡ್ತೀವಿ". ತಮಾಷೆಗೆ ಅಂದದ್ದೂ ಮಗುವಿನ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ. 18 ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಕಾಯ್ದೆ ಪ್ರಕಾರ ಅಪರಾಧ ಎನ್ನುವುದೂ ಗೊತ್ತಿರಲಿ.

ಇದರ ಬದಲು "ಇವತ್ತು ಯಾವುದು ಕಷ್ಟ ಆಯ್ತು ಮಗಾ?" ಎಂದು ಕೇಳಿ. "ಮಾರ್ಕ್ಸ್ ಎಷ್ಟಾದ್ರೂ ಬರಲಿ, ಈ ಮನೆ ನಿಂದೇ" ಎಂದು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲಿದ್ದರೆ ಸಾಲದು. ಇದನ್ನು ಮಗುವಿನ ಅಪ್ಪನಿಗೂ ಅಜ್ಜಿಗೂ ತಿಳಿಸಿಡಿ.

ಒಂದೇ ಪರೀಕ್ಷೆ ಅಲ್ಲ

"ಇದೊಂದು ಹೋದ್ರೆ ಎಲ್ಲಾ ಹೋಯ್ತು" ಎಂಬ ಹೆದರಿಕೆಗೆ ಈಗ ಅರ್ಥವೂ ಉಳಿದಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ. ಪರೀಕ್ಷೆ-1ರಲ್ಲಿ ಎಡವಿದರೆ ಪರೀಕ್ಷೆ-2 ಇದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂದಿದೆಯೋ ಆ ಅಂಕವನ್ನೇ ಉಳಿಸಿಕೊಳ್ಳಬಹುದು. ಇದನ್ನು ಮಗುವಿಗೆ ಪರೀಕ್ಷೆಗೆ ಮುಂಚೆಯೇ ಬಿಡಿಸಿ ಹೇಳಿ.

ಕೊಠಡಿಯ ಕ್ಯಾಮೆರಾ ಕಂಡು ಹೆದರುವ ಮಕ್ಕಳೂ ಇದ್ದಾರೆ. ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿದಾಗ ಪೋಷಕರೂ ಗಾಬರಿಯಾದರು. ಕ್ಯಾಮೆರಾ ನೋಡುವುದು ನಕಲನ್ನು, ನಿನ್ನ ಉತ್ತರವನ್ನಲ್ಲ ಎಂದು ಹೇಳಿಕೊಡಿ.

ಪರೀಕ್ಷೆಯ ದಿನ

* ಎರಡು ದಿನ ಮುಂಚೆಯೇ ಒಮ್ಮೆ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಗೇಟು ತೋರಿಸಿ ಬನ್ನಿ. ಗೊತ್ತಿರುವ ಜಾಗ ಅರ್ಧ ಭಯ ಕಳೆಯುತ್ತದೆ. ಬೆಳಗಿನ ಬಸ್ಸು ತುಂಬಿರುತ್ತದೆ, ಒಂದು ಬಸ್ಸು ಮುಂಚೆಯೇ ಹೊರಡಲಿ.
* ಪ್ರವೇಶಪತ್ರ, ಪೆನ್ನು, ನೀರಿನ ಬಾಟಲಿ ರಾತ್ರಿಯೇ ಚೀಲ ಸೇರಲಿ.
* ತಿಂಡಿ ಹೊಸದೇನೂ ಬೇಡ. ದಿನಾ ತಿನ್ನುವ ಇಡ್ಲಿಯೋ ಉಪ್ಪಿಟ್ಟೋ ಇರಲಿ. ಹೊಟ್ಟೆ ಖಾಲಿ ಕಳಿಸಬೇಡಿ.
* ಪ್ರಶ್ನೆಪತ್ರಿಕೆ ಓದಲಿಕ್ಕೆಂದೇ 15 ನಿಮಿಷ ಕೊಡುತ್ತಾರೆ. ತಲೆ ಖಾಲಿಯಾದಂತೆ ಅನ್ನಿಸಿದರೆ ಎರಡೂ ಪಾದ ನೆಲಕ್ಕೆ ಒತ್ತಿ, ಮೂರು ಉದ್ದ ಉಸಿರು ಬಿಟ್ಟು, ಚೆನ್ನಾಗಿ ಗೊತ್ತಿರುವ ಪ್ರಶ್ನೆಯಿಂದ ಶುರು ಮಾಡಲಿ.
* ಬಂದ ಕೂಡಲೇ "ಎಷ್ಟಕ್ಕೆ ಬರೆದೆ?" ಎಂದು ಕೀ ಆನ್ಸರ್ ಹಿಡಿದು ಕೂರಬೇಡಿ. ಮೊದಲು ಮಜ್ಜಿಗೆ, ಊಟ. ಮುಗಿದ ಪೇಪರ್ ಮುಗಿಯಿತು.
* ಕೊನೆಯ ಪರೀಕ್ಷೆಯ ದಿನ ಗೆಳೆಯರ ಜೊತೆ ಕಾವೇರಿಗೋ ವಿ.ಸಿ. ನಾಲೆಗೋ ತೊಣ್ಣೂರು ಕೆರೆಗೋ ಈಜಲು ಹೋಗುವ ಹುಡುಗರ ಮೇಲೆ ಒಂದು ಕಣ್ಣಿಡಿ. ಸಂಭ್ರಮಕ್ಕೆ ಮನೆಯಲ್ಲೇ ಏನಾದರೂ ಏರ್ಪಾಡು ಮಾಡಿ.

ಇದು ಬರೀ ಟೆನ್ಷನ್ ಅಲ್ಲ

ಎರಡು ವಾರಕ್ಕೂ ಹೆಚ್ಚು ದಿನದಿಂದ ಮಂಕಾಗಿದ್ದಾಳೆ, ನಿದ್ದೆ-ಊಟ ಬಿಟ್ಟಿದ್ದಾಳೆ, ಸುಮ್ಮಸುಮ್ಮನೆ ಅಳುತ್ತಾಳೆ, ಗೆಳತಿಯರನ್ನು ದೂರ ಮಾಡಿದ್ದಾಳೆ, ತನ್ನ ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದಾಳೆ, "ನಾನಿಲ್ದಿದ್ರೇ ಚೆನ್ನಾಗಿರುತ್ತೆ" ಅನ್ನುತ್ತಾಳೆ ಎಂದಾದರೆ ಉಸಿರಾಟದ ಅಭ್ಯಾಸ ಸಾಕಾಗುವುದಿಲ್ಲ. "ಸಾಯಬೇಕು ಅನ್ನಿಸ್ತಿದೆಯಾ ಕಂದಾ?" ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಿಗೆ, ಬಚ್ಚಿಟ್ಟ ಭಾರ ಇಳಿಸಲು ಜಾಗ ಸಿಗುತ್ತದೆ. ಹೌದೆಂದರೆ ಬೈಯಬೇಡಿ, ಒಬ್ಬಳನ್ನೇ ಬಿಡಬೇಡಿ. ಹೊಲಕ್ಕೆ ತಂದ ಔಷಧಿ, ಮನೆಯ ಮಾತ್ರೆಗಳನ್ನು ಬೀಗ ಹಾಕಿಡಿ. ಗಂಡುಮಕ್ಕಳು ಅಳುವ ಬದಲು ಸಿಡುಕಬಹುದು, ಅದನ್ನೂ ಗಮನಿಸಿ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ತಾಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ ಬಗ್ಗೆ ವಿಚಾರಿಸಿ. ಮಂಡ್ಯದ ಮಿಮ್ಸ್, ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. "ಜನ ಏನಂತಾರೋ" ಎಂಬ ಅಳುಕು ಬೇಡ. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುವಾಗ ಜನರನ್ನು ಕೇಳುತ್ತೇವಾ?

ಫಲಿತಾಂಶದ ದಿನವೂ ಪರೀಕ್ಷೆಯ ದಿನವೇ, ಅಂದು ಬರೆಯುವವರು ಮಾತ್ರ ನಾವು. ಆವತ್ತು ಕೆಲಸ ಎಷ್ಟೇ ಇದ್ದರೂ ಮನೆಯಲ್ಲಿರಿ. ಮೊಬೈಲ್‌ನಲ್ಲಿ ಅಂಕ ನೋಡುವಾಗ ಮಗು ಒಂಟಿಯಾಗಿರದಿರಲಿ. ನೆಂಟರ ಫೋನುಗಳಿಗೆ ನೀವೇ ಉತ್ತರ ಕೊಡಿ. ಅಂಕ ಎಷ್ಟೇ ಬಂದಿರಲಿ, ಮೊದಲು ತಲೆ ನೇವರಿಸಿ ಊಟಕ್ಕೆ ಬಡಿಸಿ. ಮುಂದೇನು ಎನ್ನುವ ಮಾತು ಮಾರನೆಯ ದಿನ ಆಡಿದರೂ ನಡೆಯುತ್ತದೆ, ಅಲ್ವಾ?