ಸೇವೆಗೆ ಹೋದವರ ಋಣ

ಸೇವೆ ಮಾಡಲು ಹೋದವರು ಸೇವೆ ಮಾಡಿಸಿಕೊಂಡು ಬಂದರೆ ಅದನ್ನು ಏನೆಂದು ಕರೆಯಬೇಕು? ಈಚೆಗೆ ನಮಗೆ ಬಂದ ಒಂದು ಕಾಗದದಿಂದ ಈ ಪ್ರಶ್ನೆ ಹುಟ್ಟಿತು. ವಾಚಕರಿಗೂ ಇದು ವಿಚಾರಾರ್ಹವೆಂದು ತೋರಿದುದರಿಂದ ಇಲ್ಲಿ ನಿವೇದಿಸುತ್ತೇವೆ.

ನಮ್ಮ ಹಳೆಯ ಶಿಷ್ಯರೊಬ್ಬರ ಮಗಳು ಸಿಂಗಪುರದಲ್ಲಿ ವ್ಯಾಸಂಗ ಮಾಡುತ್ತಿರುವಳು. ಕಳೆದ ರಜೆಯಲ್ಲಿ ಅವಳೂ ಅವಳ ಸಹಪಾಠಿಗಳೂ ಫಿಲಿಪೈನ್ಸ್ ದೇಶದ ಲೂಜಾನ್ ದ್ವೀಪದಲ್ಲಿರುವ ಒಂದು ಹಳ್ಳಿಗೆ ಹತ್ತು ದಿನಗಳ ಸೇವಾಯಾತ್ರೆಯನ್ನು ಕೈಗೊಂಡರು. ಇಂಥ ಯಾತ್ರೆಗಳನ್ನು ಕ್ರೈಸ್ತಸಭೆಗಳೂ ವಿದ್ಯಾಸಂಸ್ಥೆಗಳೂ ಏರ್ಪಡಿಸುವುದುಂಟು. ಬಿರುಗಾಳಿಗೆ ಜಖಂ ಆಗಿದ್ದ ಪಾಠಶಾಲೆಗೆ ಅವರು ಗಾರೆ ಕಲಸಿದರು, ಬಣ್ಣ ಬಳಿದರು. ಸಂಜೆ ಮಕ್ಕಳಿಗೆ ಪಾಠ ಹೇಳಿದರು. ಹೊರಡುವ ಹಿಂದಿನ ದಿನ, ಅವರು ಇಳಿದುಕೊಂಡಿದ್ದ ಮನೆಯ ಮುದುಕಿಯು ತನಗಿದ್ದ ಮೂರು ಕೋಳಿಗಳಲ್ಲಿ ಎರಡನ್ನು ಅತಿಥಿಗಳಿಗಾಗಿ ಅಡಿಗೆ ಮಾಡಿದಳು. ಮೊಟ್ಟೆ ಮಾರಿ ಜೀವಿಸುವವಳು ಅವಳು. “ತಾತ, ಕೊಡಲು ಹೋದ ನಾವು ಅವಳ ಜೀವನವನ್ನೇ ಉಂಡು ಬಂದೆವು. ನಾವು ಮಾಡಿದ್ದು ಸೇವೆಯೇ?” ಎಂದು ಹುಡುಗಿಯು ಬರೆದಿದ್ದಳು.

ಆ ದೇಶದ ಸ್ಥಿತಿಯನ್ನು ಮೊದಲು ತಿಳಿಯುವುದು ಒಳ್ಳೆಯದು. ಅದು 7,641 ದ್ವೀಪಗಳ ಸಮೂಹ. ವರ್ಷಕ್ಕೆ ಸುಮಾರು ಇಪ್ಪತ್ತು ಚಂಡಮಾರುತಗಳು ಅದರ ಸಮುದ್ರಪ್ರದೇಶವನ್ನು ಪ್ರವೇಶಿಸುತ್ತವೆ. 2013ನೆಯ ನವೆಂಬರಿನಲ್ಲಿ ಬೀಸಿದ ಒಂದೇ ಚಂಡಮಾರುತಕ್ಕೆ ಆರು ಸಾವಿರಕ್ಕೂ ಹೆಚ್ಚು ಜನರು ಬಲಿಯಾದರು. ಆದರೆ ಅಲ್ಲಿಯ ಜನರು ಪರರ ಸಹಾಯಕ್ಕಾಗಿ ಕೈಕಟ್ಟಿ ಕುಳಿತವರಲ್ಲ. ಶಾಲೆಗಳು ತೆರೆಯುವ ಮೊದಲು ತಂದೆತಾಯಿಗಳೂ ಊರವರೂ ಒಟ್ಟುಗೂಡಿ ಶಾಲೆಯನ್ನು ಗುಡಿಸಿ, ದುರಸ್ತಿ ಮಾಡಿ, ಬಣ್ಣ ಬಳಿಯುವ ‘ಬ್ರಿಗಾದಾ ಎಸ್ಕ್ವೇಲಾ’ ಎಂಬ ಏರ್ಪಾಡು 2003ರಿಂದ ಅಲ್ಲಿ ನಡೆದುಬಂದಿದೆ.

ಇದಕ್ಕಿಂತಲೂ ಪುರಾತನವಾದುದು ‘ಬಯನಿಹನ್’ ಎಂಬ ಪದ್ಧತಿ. ಬಿದಿರು ಮತ್ತು ನೀಪಾ ಎಂಬ ತಾಳೆಯ ಗರಿಗಳಿಂದ ಕಟ್ಟಿದ ಹಗುರವಾದ ಮನೆಯನ್ನು ಬೇರೆ ನಿವೇಶನಕ್ಕೆ ಒಯ್ಯಬೇಕಾದಾಗ, ನೆರೆಹೊರೆಯವರು ಮನೆಯ ಕೆಳಗೆ ಬಿದಿರ ಗಳುಗಳನ್ನು ತೂರಿಸಿ, ಇಡೀ ಮನೆಯನ್ನೇ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ಯಾರೂ ಕೂಲಿಯನ್ನು ಕೇಳುತ್ತಿರಲಿಲ್ಲ. ಮನೆಯೊಡೆಯನು ಹೊತ್ತವರಿಗೆಲ್ಲ ಊಟವಿಕ್ಕುವುದು ಸಂಪ್ರದಾಯ. ಆದ್ದರಿಂದ ಆ ವೃದ್ಧೆಯು ಮಾಡಿದ್ದು ತನ್ನ ನಾಡಿನ ಮರ್ಯಾದೆ. ಅವಳ ಅನ್ನವನ್ನು ನಿರಾಕರಿಸಿದ್ದರೆ ಅವಳನ್ನು ಬರಿಯ ಭಿಕ್ಷುಕಳೆಂದು ಭಾವಿಸಿದಂತಾಗುತ್ತಿತ್ತು.

ಆದರೂ ಒಂದು ಭೇದವನ್ನು ಮರೆಯಲಾಗದು. ಗಳುವಿಗೆ ಹೆಗಲು ಕೊಟ್ಟವನು ನೆರೆಯವನು. ನಾಳೆ ಅವನ ಮನೆಯನ್ನೂ ಊರವರು ಹೊರುವರು. ಹತ್ತು ದಿನಗಳ ಯಾತ್ರಿಕನಾದರೋ ಉಂಡು ಹೊರಟುಬಿಡುವನು. ಅಲ್ಲಿಯ ತಗಾಲೋಗ್ ಭಾಷೆಯಲ್ಲಿ ಉಪಕಾರಸ್ಮರಣೆಗೆ ‘ಒಳಗಿನ ಸಾಲ’ ಎಂಬರ್ಥದ ಮಾತುಂಟು. ಆ ಸಾಲವು ಹಣದಿಂದ ತೀರುವುದಲ್ಲ. ಗುರುವಿಗೆ ‘ಗುರೋ’, ಮುಖಕ್ಕೆ ‘ಮುಖಾ’, ಆಶೆಗೆ ‘ಆಸಾ’ ಎನ್ನುವ ಆ ಭಾಷೆಯವರು ಋಣವೆಂಬ ಭಾವನೆಯಲ್ಲಿಯೂ ನಮಗೆ ದೂರದವರಲ್ಲವೆಂದು ತೋರುತ್ತದೆ. 1989ರಲ್ಲಿ ಅದೇ ದ್ವೀಪದ ಲಗೂನಾ ಪ್ರಾಂತದಲ್ಲಿ ಒಂದು ತಾಮ್ರಶಾಸನವು ದೊರೆಯಿತು. ಅದರ ಕಾಲವು ಶಕವರ್ಷ 822, ಎಂದರೆ ನಮ್ಮಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲ. ಒಂದು ಕುಟುಂಬದ ಚಿನ್ನದ ಸಾಲವನ್ನು ಮನ್ನಾ ಮಾಡಿದ ವಿಷಯವೇ ಅದರಲ್ಲಿದೆ. ಚಿನ್ನದ ಸಾಲಕ್ಕೆ ತಾಮ್ರಪಟವು ಸಾಕಾಯಿತು. ಎರಡು ಕೋಳಿಗಳ ಸಾಲಕ್ಕೆ ಯಾವ ಪಟವು ಸಾಕಾದೀತು?

ನಾವು ಹುಡುಗಿಗೆ ಹೀಗೆ ಉತ್ತರ ಬರೆದೆವು: “ಮಗೂ, ನಿನ್ನ ಸಂಕೋಚವೇ ನಿನ್ನ ಯಾತ್ರೆಯ ಫಲ. ಮುಂದೆ ಹೋಗುವವರಿಗೆ ಮೂರು ಮಾತನ್ನು ಹೇಳು. ಯಾವ ಕೆಲಸ ಬೇಕೆಂಬುದನ್ನು ಊರವರೇ ನಿರ್ಣಯಿಸಲಿ. ಊರಿನಲ್ಲಿ ಗಾರೆಕೆಲಸದವನೂ ಬಡಗಿಯೂ ಇದ್ದರೆ ಅವರಿಗೆ ಕೂಲಿ ಕೊಟ್ಟು, ನೀವು ಅವರ ಕೈಕೆಳಗೆ ದುಡಿಯಿರಿ. ಬಡವನ ಕೂಲಿಯನ್ನು ತಪ್ಪಿಸುವುದು ಸೇವೆಯಲ್ಲ. ಊಟ ವಸತಿಗಳ ವೆಚ್ಚವನ್ನು ಮೊದಲೇ ಆ ಮನೆಗೆ ಸದ್ದಿಲ್ಲದೆ ಸಲ್ಲಿಸಿರಿ. ಶತಪಥಬ್ರಾಹ್ಮಣದಲ್ಲಿ ದೇವ, ಋಷಿ, ಪಿತೃಗಳ ಋಣದೊಡನೆ ಮನುಷ್ಯರ ಋಣವೂ ಹೇಳಲ್ಪಟ್ಟಿದೆ. ಮನುಷ್ಯರಿಗೆ ವಸತಿಯನ್ನೂ ಅನ್ನವನ್ನೂ ಕೊಡುವುದರಿಂದ ಅದು ತೀರುವುದಂತೆ. ಆ ಅಜ್ಜಿಯು ತನ್ನ ಋಣವನ್ನು ತೀರಿಸಿಕೊಂಡಳು. ನಿನ್ನದು ಉಳಿದಿದೆ. ಅವಳಿಗೆ ಕಾಗದ ಬರೆಯುತ್ತಿರು. ಮುಂದೆ ನಿನ್ನ ಮನೆಯ ಬಾಗಿಲಿಗೆ ದೂರದವರು ಬಂದಾಗ, ಅವಳ ಅಡಿಗೆಮನೆಯನ್ನು ನೆನೆದುಕೋ.”

ಎರಡು ವಾರಗಳ ತರುವಾಯ ಉತ್ತರ ಬಂತು. ಸಹಪಾಠಿಗಳೆಲ್ಲ ಕೂಡಿ ಅಜ್ಜಿಗೆ ಆರು ಕೋಳಿಮರಿಗಳನ್ನು ಕೊಡಿಸಿದರಂತೆ. ಅಜ್ಜಿಯೂ ಒಂದು ಮಾತು ಹೇಳಿಕಳುಹಿಸಿದ್ದಳು: ಅವು ದೊಡ್ಡವಾದ ಮೇಲೆ ಮಕ್ಕಳು ಮತ್ತೆ ಊಟಕ್ಕೆ ಬರಬೇಕಂತೆ!