ಬಿಸಿಲು ಬೇಡದ ಹವಳ

ಕೊಂಬೈನಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಕಾಣುವುದು ಘಟ್ಟದ ಸಾಲು, ಕಡಲಲ್ಲ. ತೇನಿ ಜಿಲ್ಲೆಯ ಈ ಊರಿನಲ್ಲೂ ಕಂಬಂ ಕಣಿವೆಯ ಬೇರೆ ಊರುಗಳಲ್ಲೂ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡಿಕೊಂಡು ಬಂದ ಕುಟುಂಬಗಳಿವೆ. ಅವರು ಮೂಡಣದ ಕಡಲು ನೋಡಬೇಕಾದರೆ ಮಧುರೆ ದಾಟಿ ರಾಮನಾಥಪುರದ ಕಡೆಗೋ ತೂತ್ತುಕುಡಿಗೋ ಹೋಗಬೇಕು. ಅಲ್ಲಿನ ಮನ್ನಾರ್ ಕೊಲ್ಲಿಯಲ್ಲಿ ಹವಳದ ದಿಬ್ಬಗಳಿವೆ. 21 ದ್ವೀಪಗಳ ಸುತ್ತಲಿನ ಆ ನೀರು 1986ರಿಂದ ಸಾಗರ ರಾಷ್ಟ್ರೀಯ ಉದ್ಯಾನ. ಹಾಗಾದರೆ ತಾಳಿಯ ಸರದಲ್ಲಿ ಕರಿಮಣಿಯ ಜೊತೆ ಪೋಣಿಸುವ ಕೆಂಪು ಹವಳವೂ, ಕುಜದೋಷಕ್ಕೆಂದು ಉಂಗುರದಲ್ಲಿ ಕೂರಿಸುವ ಹವಳವೂ ಅಲ್ಲಿಯದೇ ಇರಬೇಕು ಎಂದು ಯಾರಿಗಾದರೂ ಅನ್ನಿಸೀತು. ಅಲ್ಲ. ಮನ್ನಾರಿನ ದಿಬ್ಬ ಕಟ್ಟುವ ಹವಳ ಸತ್ತರೆ ಉಳಿಯುವುದು ಬಿಳಿಯ ಸುಣ್ಣಗಲ್ಲು. ಅದನ್ನು ಒಡೆದು ತಂದು ಸುಣ್ಣ ಸುಡುತ್ತಿದ್ದರೇ ಹೊರತು ಯಾರೂ ಕೊರಳಿಗೆ ಕಟ್ಟಲಿಲ್ಲ.

ಒಡವೆಯ ಕೆಂಪು ಹವಳ ಹುಟ್ಟುವುದು ಮೆಡಿಟರೇನಿಯನ್ ಸಮುದ್ರದಲ್ಲಿ. ಜಪಾನ್, ತೈವಾನ್ ಕಡೆಯ ಆಳದಲ್ಲೂ ಇದರ ಬಳಗದವು ಇವೆ. ಆದರೆ ಎರಡು ಸಾವಿರ ವರ್ಷಗಳಿಂದ ನಮ್ಮ ಕಡೆಗೆ ಹಡಗೇರಿ ಬಂದದ್ದು ಮೆಡಿಟರೇನಿಯನ್ನಿನ ಹವಳ. ರೋಮಿನ ಪ್ಲಿನಿ ಮೊದಲನೇ ಶತಮಾನದಲ್ಲೇ ಇದರ ಬಗ್ಗೆ ಬರೆದಿದ್ದಾನೆ: ನಮ್ಮವರಿಗೆ ಭಾರತದ ಮುತ್ತು ಹೇಗೋ ಭಾರತದವರಿಗೆ ನಮ್ಮ ಹವಳ ಹಾಗೆ, ಅಲ್ಲಿಗೆ ಹೋಗಿ ಹೋಗಿ ಈಗ ಇಲ್ಲೇ ಸಿಗುವುದಿಲ್ಲ ಎಂಬುದು ಅವನ ಮಾತಿನ ಸಾರ. ಹದಿನಾರನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ಬಾರ್ಬೊಸಾ ವಿಜಯನಗರದ ಪೇಟೆಗೆ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನೂ ಹೆಸರಿಸಿದ. ಮುಂದಿನ ಎರಡು ಶತಮಾನ ಇಟಲಿಯ ಲಿವೊರ್ನೊ ಬಂದರಿನ ಯಹೂದಿ ವರ್ತಕರು ಹವಳವನ್ನು ಲಿಸ್ಬನ್ ಮೂಲಕ ಗೋವಾಕ್ಕೆ ಕಳಿಸಿ, ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಗೋವಾದಲ್ಲಿ ಸರಕು ಇಳಿಸಿಕೊಳ್ಳುತ್ತಿದ್ದವರು ಸಾರಸ್ವತ ವ್ಯಾಪಾರಿಗಳು. ಒಬ್ಬರ ಮುಖ ಒಬ್ಬರು ಕಾಣದೆ, ಬರೀ ಕಾಗದದ ಮೇಲಿನ ನಂಬಿಕೆಯಿಂದ ನಡೆದ ವ್ಯವಹಾರ ಅದು. ಮದರಾಸಿಗೂ ಹವಳ ಬಂತು. ಚೆನ್ನೈನ ಹಳೆಯ ಪೇಟೆಯಲ್ಲಿ ಪವಳಕ್ಕಾರ ತೆರು ಇವತ್ತಿಗೂ ಇದೆ.

ಇದು ಗಿಡವೋ ಕಲ್ಲೋ ಎಂಬ ಜಗಳ ಬಹಳ ಕಾಲ ನಡೆಯಿತು. 1706ರಲ್ಲಿ ಇಟಲಿಯ ಮಾರ್ಸಿಲಿ ಆಗತಾನೇ ಕಿತ್ತ ಹವಳದ ಕೊಂಬೆಯನ್ನು ಸಮುದ್ರದ ನೀರಿನಲ್ಲಿಟ್ಟು ನೋಡಿದ. ಕೆಂಪು ಕೊಂಬೆಯ ತುಂಬ ಬಿಳಿಯ, ಎಂಟೆಂಟು ಎಸಳಿನ ಪುಟ್ಟ ಹೂಗಳು ಅರಳಿದವು. ನೀರಿನಿಂದ ತೆಗೆದರೆ ಮುಚ್ಚಿದವು. ಗಿಡವೇ ಎಂದು ತೀರ್ಮಾನವಾಯಿತು. ಮಾರ್ಸೇಯಿ ನಗರದ ವೈದ್ಯ ಪೆಯ್ಸೊನೆಲ್ 1725ರಲ್ಲಿ ಉತ್ತರ ಆಫ್ರಿಕದ ಕರಾವಳಿಯಲ್ಲಿ ಅದೇ ಪ್ರಯೋಗ ಮಾಡಿ, ಇವು ಹೂವಲ್ಲ, ಪ್ರಾಣಿಗಳು ಎಂದ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಅವನ ವಿಚಾರವನ್ನು ಮಂಡಿಸಿದ ರೆಯೊಮ್ಯೂರ್, ಜನ ನಕ್ಕಾರು ಎಂದು ಅವನ ಹೆಸರನ್ನೇ ಹೇಳಲಿಲ್ಲವಂತೆ. ಸರಿಯಾಗಿ ಹೇಳಿದವನಿಗೆ ಮರ್ಯಾದೆ ಸಿಕ್ಕಲು ದಶಕಗಳೇ ಹಿಡಿದವು.

ಮನ್ನಾರಿನ ಹವಳಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಊಟದ್ದು. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಪಾಚಿ ಮನೆಮಾಡಿಕೊಂಡಿರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ಹಾಗಾಗಿ ಅದಕ್ಕೆ ತಿಳಿಯಾದ, ಆಳವಿಲ್ಲದ ನೀರು ಬೇಕು. ಕೆಂಪು ಹವಳದೊಳಗೆ ಅಂಥ ಪಾಚಿಯಿಲ್ಲ. ನೀರಿನಲ್ಲಿ ತೇಲಿ ಬರುವ ಸೂಕ್ಷ್ಮ ಜೀವಿಗಳನ್ನೂ ಕಣಗಳನ್ನೂ ಅದು ಎಂಟು ತೋಳು ಚಾಚಿ ಹಿಡಿದು ತಿನ್ನುತ್ತದೆ. ಬಿಸಿಲು ಅದಕ್ಕೆ ಬೇಡ, ಬಿಸಿಲಿದ್ದಲ್ಲಿ ಕಡಲಪಾಚಿಗಳು ಬೆಳೆದು ಅದರ ಜಾಗವನ್ನೇ ಕಸಿದುಕೊಳ್ಳುತ್ತವೆ. ಗುಹೆಯ ಮಾಡು, ಬಂಡೆಯ ಚಾಚಿನ ಅಡಿ, ಕಡಿದಾಗಿ ಇಳಿಯುವ ಗೋಡೆ ಅದರ ನೆಲೆ. ಗುಹೆಯ ಕತ್ತಲಿದ್ದರೆ ಹತ್ತಿಪ್ಪತ್ತು ಮೀಟರ್ ಆಳದಲ್ಲೇ ಸಿಗುತ್ತದೆ. ಹೆಚ್ಚಿನದು ಇರುವುದು 30ರಿಂದ 200 ಮೀಟರಿನವರೆಗೆ. ಬೆಳೆಯುವ ವೇಗವನ್ನು ಮಾತ್ರ ಕೇಳಬಾರದು: ಬುಡದ ದಪ್ಪ ವರ್ಷಕ್ಕೆ ಒಂದು ಮಿಲಿಮೀಟರಿನ ಕಾಲುಭಾಗದಿಂದ ಮೂರನೇ ಒಂದು ಭಾಗ. ಕಿರುಬೆರಳಿನ ಗಾತ್ರದ ಬುಡ ಅರ್ಧ ಶತಮಾನದ ಬೆಳೆ.

ಅದನ್ನು ಅದರ ಜಾಗದಲ್ಲೇ ನೋಡಲು ಮುಳುಗುಗಾರರು ಹೋಗುವ ಹೆಸರಾಂತ ತಾಣಗಳು ಕೆಲವೇ. ಇಟಲಿಯ ಪೋರ್ಟೊಫಿನೊ ಅಂಥದೊಂದು. ಅಲ್ಲಿನ ನೀರಿಗೆ 1999ರಿಂದ ಸಂರಕ್ಷಣೆಯಿದೆ. ಸ್ಪೇನಿನ ಮೆಡೆಸ್ ದ್ವೀಪಗಳು, ಫ್ರಾನ್ಸಿನ ಮಾರ್ಸೇಯಿ ಬಳಿಯ ಸುಣ್ಣಗಲ್ಲಿನ ಕಡಿದಾದ ದಡ, ಕೊರ್ಸಿಕಾ ಇನ್ನು ಕೆಲವು. ಕೊಂಬೈನ ಓದುಗರಿಗೆ ನಾನು ವಿಶೇಷವಾಗಿ ಹೇಳಬೇಕೆನ್ನಿಸುವುದು ಸಾರ್ಡೀನಿಯಾ ದ್ವೀಪದ ಅಲ್ಗೇರೊ. ಊರಿನ ಲಾಂಛನದಲ್ಲೇ ಹವಳದ ಕೊಂಬೆಯಿದೆ. 1354ರಲ್ಲಿ ಅರಗಾನಿನ ದೊರೆ ಅದನ್ನು ಗೆದ್ದು ಕಟಲಾನ್ ಜನರನ್ನು ತಂದು ನೆಲೆಗೊಳಿಸಿದ. ಸುತ್ತಲೂ ಬೇರೆ ಭಾಷೆ ಇದ್ದರೂ ಊರಿನ ಹಳಬರ ಬಾಯಲ್ಲಿ ಕಟಲಾನ್ ಇನ್ನೂ ಇದೆ. ತಮಿಳಿನ ನಡುವೆ ಕನ್ನಡ ಉಳಿಸಿಕೊಂಡವರಿಗೆ ಇದು ಹೆಚ್ಚು ವಿವರಣೆ ಬೇಡದ ಸಂಗತಿ.

ಗೋಡೆಯ ಪಕ್ಕ ಇಳಿಯುವುದೆಂದರೆ ಏನು? ಕಣಿವೆಯ ತೋಟಗಳಲ್ಲಿರುವ, ಬಂಡೆ ಕೊರೆದು ತೋಡಿದ ದೊಡ್ಡ ಬಾವಿಯಂತೆ ಒಂದು ಬದಿಗೆ ನೆಟ್ಟಗಿನ ಕಲ್ಲು, ಆದರೆ ಉಳಿದ ಮೂರು ಬದಿಯೂ ತಳವೂ ಇಲ್ಲ. ಮೊದಲ ಹತ್ತು ಮೀಟರಿನಲ್ಲಿ ಹಸಿರು ಕಂದು ಪಾಚಿ, ಮೀನಿನ ಹಿಂಡು. ಮುಂದೆ ಕೆಂಪು ಬಣ್ಣ ಮೊದಲು ಸಾಯುತ್ತದೆ, ನೀರು ಅದನ್ನು ಹೀರಿಬಿಡುತ್ತದೆ. ಕೈಗೆ ಗಾಯವಾದರೆ ರಕ್ತ ಹಸಿರುಗಪ್ಪಾಗಿ ಕಾಣುವುದುಂಟು. 30 ಮೀಟರಿನ ಆಚೆ ಗೊರ್ಗೋನಿಯಾ ಎಂಬ ಬೀಸಣಿಗೆಯಾಕಾರದ ಕಡಲಜೀವಿಗಳು ಒಂದು ಮೀಟರಿನಷ್ಟು ಅಗಲಕ್ಕೆ ಹರಡಿ ನೀರಿನ ಹರಿವಿಗೆ ಅಡ್ಡ ನಿಂತಿರುತ್ತವೆ. ಅವುಗಳ ಸಂದಿನಲ್ಲಿ, ಚಾಚಿನ ಅಡಿಯಲ್ಲಿ, ಕಪ್ಪಗೆ ಮಂಕಾಗಿ ತಲೆಕೆಳಗು ಜೋತುಬಿದ್ದ ಮೋಟು ಕೊಂಬೆಗಳೇ ಹವಳ. ಟಾರ್ಚು ಹಾಕಿದ ಮೇಲೆ ಮಾತ್ರ ಕೆಂಪು ಕಾಣುತ್ತದೆ. ಟಾರ್ಚಿಲ್ಲದೆ ಇಳಿದವನು ಹವಳದ ಮುಂದೆಯೇ ಹಾದುಹೋದರೂ ಅವನಿಗೆ ಗೊತ್ತಾಗದು.

ಈ ಗೋಡೆ ಅನುಭವಿಗಳಿಗೆ ಮಾತ್ರ ಎನ್ನುವುದು ಬಿಂಕದ ಮಾತಲ್ಲ, ಲೆಕ್ಕದ ಮಾತು. ಬಾವಿಯಲ್ಲಿ ಎರಡಾಳು ಆಳ ಮುಳುಗಿದವರಿಗೆ ಕಿವಿ ಒತ್ತುವುದು ಗೊತ್ತು. ಕಡಲಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. 40 ಮೀಟರಿನಲ್ಲಿ ಮೈಮೇಲೆ ದಡದ ಐದು ಪಟ್ಟು. ಉಸಿರಾಡುವ ಗಾಳಿಯೂ ಅಷ್ಟೇ ಪಟ್ಟು ದಟ್ಟ, ಅಷ್ಟೇ ಪಟ್ಟು ಬೇಗ ಖಾಲಿ. 12 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿದರೆ 2400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಮೇಲೆ ಅದು ಎರಡು ಗಂಟೆ ಸಾಕು. 40 ಮೀಟರಿನಲ್ಲಿ 24 ನಿಮಿಷ, ಅದೂ ಮೇಲೆ ಬರಲು ಒಂದು ಚೂರೂ ಉಳಿಸಿಕೊಳ್ಳದಿದ್ದರೆ. ಅದಕ್ಕಿಂತ ಮೊದಲೇ ಇನ್ನೊಂದು ಗಡಿ ಬರುತ್ತದೆ. ಒತ್ತಡಕ್ಕೆ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ದಡಬಡನೆ ಮೇಲೇರಿದರೆ ಸೋಡಾ ಬಾಟಲಿ ತೆರೆದಾಗ ಆಗುವುದೇ ಮೈಯೊಳಗೆ ಆಗುತ್ತದೆ. ಗಾಳಿ ಉಸಿರಾಡಿಕೊಂಡು 40 ಮೀಟರಿಗೆ ಇಳಿದವರು ನಡುವೆ ತಂಗದೆ ಮೇಲೆ ಬರಬೇಕಾದರೆ ತಳದಲ್ಲಿ ಕಳೆಯಬಹುದಾದದ್ದು ಹತ್ತು ನಿಮಿಷಕ್ಕೂ ಕಡಿಮೆ. ಹಾಗೆ ಬಂದರೂ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು ರೂಢಿ.

ಇವೆರಡೂ ಗಡಿಯಾರ ನೋಡಿದರೆ ತಿಳಿಯುವ ಅಪಾಯ. ಮೂರನೆಯದು ಗಡಿಯಾರ ನೋಡುವ ಬುದ್ಧಿಯನ್ನೇ ಕದಿಯುತ್ತದೆ. 30 ಮೀಟರಿನ ಆಚೆ ಸಾರಜನಕ ಅಮಲೇರಿಸುತ್ತದೆ. ಫ್ರಾನ್ಸಿನ ಕುಸ್ಟೊ ಮತ್ತು ಗಾನ್ಯಾನ್ 1943ರಲ್ಲಿ ಈಗಿನ ಸ್ಕೂಬಾ ಉಪಕರಣವನ್ನು ಇದೇ ಸಮುದ್ರದ ಫ್ರೆಂಚ್ ದಡದಲ್ಲಿ ಪಳಗಿಸಿದ ಮೇಲೆ, ಮನುಷ್ಯ ಎಷ್ಟು ಆಳ ಹೋಗಬಲ್ಲ ಎಂಬ ಹಟ ಅವರ ತಂಡಕ್ಕೆ ಹುಟ್ಟಿತು. 1947ರಲ್ಲಿ ಅವರ ಜೊತೆಗಾರ ಮೋರಿಸ್ ಫಾರ್ಗ್ ಹಗ್ಗ ಹಿಡಿದು ಇಳಿದ. ಹಗ್ಗಕ್ಕೆ ಅಲ್ಲಲ್ಲಿ ಹಲಗೆ ಕಟ್ಟಿದ್ದರು, ತಲುಪಿದವರು ಸಹಿ ಹಾಕಬೇಕು. 120 ಮೀಟರಿನ ಹಲಗೆಯ ಮೇಲೆ ಅವನ ಸಹಿ ಇತ್ತು; ಅವನು ಬದುಕಿ ಬರಲಿಲ್ಲ. ಇವತ್ತು ಮನರಂಜನೆಗೆ ಮುಳುಗುವವರ ಗಡಿ 40 ಮೀಟರ್. ಅದರಾಚೆ ಹೋಗುವವರು ಅಮಲು ತಡೆಯಲು ಹೀಲಿಯಂ ಬೆರೆಸಿದ ಗಾಳಿ ಒಯ್ಯುತ್ತಾರೆ; ಮೇಲಾಗಿ 57 ಮೀಟರಿನ ಸುಮಾರಿಗೆ ಸಾಮಾನ್ಯ ಗಾಳಿಯ ಆಮ್ಲಜನಕವೂ ಸುರಕ್ಷಿತ ಮಿತಿ ದಾಟುತ್ತದೆ.

ನೋಡುವವರಿಗಿಂತ ಮೊದಲು ಕೀಳುವವರು ಇದ್ದರು. ಮರದ ದಿಮ್ಮಿಗಳನ್ನು ಶಿಲುಬೆಯಂತೆ ಕಟ್ಟಿ, ಬಲೆ ಇಳಿಬಿಟ್ಟು, ದೋಣಿಯಿಂದ ಬಂಡೆಯ ಮೇಲೆ ಎಳೆಯುವುದು ಶತಮಾನಗಳ ಪದ್ಧತಿ. ಸಿಕ್ಕಿದ್ದಕ್ಕಿಂತ ಒಡೆದು ಹಾಳಾದದ್ದೇ ಹೆಚ್ಚು. ಯುರೋಪಿನ ಒಕ್ಕೂಟ ಅದನ್ನು 1994ರಲ್ಲಿ ನಿಷೇಧಿಸಿತು. ಸ್ಕೂಬಾ ಬಂದ ಮೇಲೆ ಸುತ್ತಿಗೆ ಹಿಡಿದ ಮುಳುಗುಗಾರ ಆ ದಿಮ್ಮಿ ಹೊಗದ ಸಂದಿಗೂ ಕೈಹಾಕಿದ; ಮೇಲಿನ ಗೋಡೆಗಳು ಕೆಲವೇ ದಶಕದಲ್ಲಿ ಬೋಳಾದವು. ಈಗ ಮೆಡಿಟರೇನಿಯನ್ ಮೀನುಗಾರಿಕೆ ಆಯೋಗದ 2011ರ ನಿಯಮದಂತೆ 50 ಮೀಟರಿಗಿಂತ ಕಡಿಮೆ ಆಳದ ಹವಳ ಕೀಳುವಂತಿಲ್ಲ. ಮರುವರ್ಷದ ನಿಯಮ ಬುಡ ಕನಿಷ್ಠ 7 ಮಿಲಿಮೀಟರ್ ದಪ್ಪವಿರಬೇಕೆಂದಿತು. ಸಾರ್ಡೀನಿಯಾ ಇನ್ನೂ ಬಿಗಿ, 80 ಮೀಟರಿನ ಆಚೆಗೆ ಮಾತ್ರ ಅನುಮತಿ. ಹೀಗೆ ಕೀಳುವ ಕಸುಬು ಹೀಲಿಯಂ ಉಸಿರಾಡಿ ಗಂಟೆಗಟ್ಟಲೆ ತಂಗಿ ತಂಗಿ ಮೇಲೇರುವ ಕೆಲವೇ ಜನರ ಪಾಲಿಗೆ ಉಳಿದಿದೆ. ಆಳವೇ ಹವಳಕ್ಕೆ ಕಾವಲು ಎಂಬ ಹಳೆಯ ಸ್ಥಿತಿಯನ್ನು ಕಾನೂನು ಮತ್ತೆ ತರಲು ನೋಡುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಬಿಸಿನೀರಿಗೆ ಕಾನೂನಿಲ್ಲ. 1999 ಮತ್ತು 2003ರ ಬೇಸಿಗೆಗಳಲ್ಲಿ ಮೇಲ್ಪದರದ ನೀರು ವಾರಗಟ್ಟಲೆ ಕಾದು, ಗೊರ್ಗೋನಿಯಾಗಳೂ ಹವಳವೂ ಗೋಡೆಗೋಡೆಯೇ ಸತ್ತವು. ಆಳದವು ಬದುಕಿಕೊಂಡವು.

ಕನ್ನಡ ನಾಡಿನಲ್ಲಿ ಮುಳುಗು ಕಲಿಯುವ ಜಾಗ ನೇತ್ರಾಣಿ: ಉತ್ತರ ಕನ್ನಡದ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬೇಕಾದ ಸಣ್ಣ ಕಲ್ಲುದ್ವೀಪ, ಮಳೆಗಾಲದಲ್ಲಿ ಬಾಗಿಲು ಬಂದ್. ಅಲ್ಲಿರುವುದು ಬಿಸಿಲು ಬೇಡುವ ಜಾತಿಯ ಹವಳ. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆ ಅದಕ್ಕೂ ಜಾಗವಿದೆ, ತುಂಡು ಎತ್ತಿಕೊಂಡರೂ ಅಪರಾಧ. ಮುಳುಗುವವರಿಗೆ ಮೊದಲ ಹಂತದ ಪರವಾನಗಿ 18 ಮೀಟರಿಗೆ, ಮುಂದಿನದು 30ಕ್ಕೆ, ಆಳದ ತರಬೇತಿ ಮುಗಿಸಿದರೆ 40ಕ್ಕೆ. ಆ ಮೂರನ್ನೂ ದಾಟಿ, ನೀರಿನ ನಡುವೆ ಏರದೆ ಇಳಿಯದೆ ನಿಲ್ಲುವುದು ಕೈವಶವಾದ ಮೇಲೆ ಅಲ್ಗೇರೊ ಮಾತು. ಗೋಡೆಯ ಪಕ್ಕ ಕಾಲು ಬೀಸಿದರೆ ಕಾಲಿಗೆ ತೊಟ್ಟ ಈಜುರೆಕ್ಕೆ ತಗುಲಿ ಮುರಿಯುವುದು ಐವತ್ತು ವರ್ಷದ ಕೊಂಬೆ. ಚಾಚಿನ ಅಡಿ ಹೆಚ್ಚು ಹೊತ್ತು ನಿಂತರೆ ಬಿಟ್ಟ ಗುಳ್ಳೆಗಳು ಮಾಡಿಗೆ ಅಂಟಿ ಅಲ್ಲಿನ ಜೀವಿಗಳಿಗೆ ತೊಂದರೆ. ಇನ್ನೊಂದು ಮಾತು ಚಳಿಯದು. ನೇತ್ರಾಣಿಯ ಬೆಚ್ಚನೆ ನೀರಿಗೆ ತೆಳು ಉಡುಪು ಸಾಕು. ಮೆಡಿಟರೇನಿಯನ್ನಿನ ಆ ಗೋಡೆಗಳ ಬಳಿ ಕಡುಬೇಸಿಗೆಯಲ್ಲೂ 40 ಮೀಟರಿನ ನೀರು ಸಾಮಾನ್ಯವಾಗಿ 14ರಿಂದ 16 ಡಿಗ್ರಿ. ದಪ್ಪನೆಯ ಸೂಟು, ತಲೆಗೆ ಟೋಪಿ, ಕೈಗೆ ಗವಸು ಬೇಕೇ ಬೇಕು, ಮತ್ತು ಅದರ ತೇಲುವಿಕೆಗೆ ತಕ್ಕಷ್ಟು ಸೀಸವನ್ನು ಸೊಂಟಕ್ಕೆ ಹೆಚ್ಚಿಗೆ ಕಟ್ಟಿಕೊಳ್ಳಬೇಕು.