ಮಕ್ಕಳ ಶಿಕ್ಷಣದಲ್ಲಿ ತಂದೆ ಹಾಗೂ ಕುಟುಂಬದ ಪಾತ್ರ: ಶಿಕ್ಷಕರ ದೃಷ್ಟಿಯಲ್ಲಿ

ಪಾಲಕರ ಸಭೆಗೆ ತಾಯಂದಿರು, ಅಜ್ಜಿಯರು ಬರುತ್ತಾರೆ, ತಂದೆಯವರು ಬರುವುದು ಅಪರೂಪ ಎಂಬ ಮಾತು ಪ್ರಾಥಮಿಕ ಶಾಲೆಗಳ ಶಿಕ್ಷಕರಿಂದ ಮೇಲಿಂದ ಮೇಲೆ ಕೇಳಿಬರುತ್ತದೆ. ಇದನ್ನು ಕೇವಲ ಉದಾಸೀನವೆಂದು ಭಾವಿಸಿದರೆ ಪರಿಹಾರ ದೊರೆಯುವುದಿಲ್ಲ. ಶಾಲೆಯು ತಂದೆಯನ್ನು ಯಾವಾಗ ಮತ್ತು ಯಾವ ಕಾರಣಕ್ಕೆ ಕರೆಯುತ್ತದೆ ಎಂಬುದನ್ನೂ ಪರಿಶೀಲಿಸುವುದು ಅವಶ್ಯ.

ಕಾನೂನಿನ ಆಶಯ

ಶಿಕ್ಷಣ ಹಕ್ಕು ಕಾಯ್ದೆ, 2009ರ 10ನೇ ಪ್ರಕರಣದಂತೆ ಮಗುವನ್ನು ಶಾಲೆಗೆ ದಾಖಲಿಸುವುದು ಪಾಲಕರ ಕರ್ತವ್ಯ. 24ನೇ ಪ್ರಕರಣದಂತೆ ಪಾಲಕರೊಡನೆ ನಿಯಮಿತವಾಗಿ ಸಭೆ ನಡೆಸಿ, ಮಗುವಿನ ಹಾಜರಾತಿ ಹಾಗೂ ಕಲಿಕೆಯ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. 21ನೇ ಪ್ರಕರಣವು ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರರಷ್ಟು ಮಂದಿ ಪಾಲಕರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ನಮ್ಮ ರಾಜ್ಯದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದಲೇ ಇವೆ.

ಬಾರದಿರುವುದಕ್ಕೆ ಕಾರಣಗಳು

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದಲ್ಲಿ ಈರುಳ್ಳಿ, ಶೇಂಗಾ, ಹತ್ತಿಯ ಸುಗ್ಗಿಯ ದಿನಗಳಲ್ಲಿ ಹಗಲು ಹೊತ್ತು ಬಿಡುವು ಸಿಗುವುದಿಲ್ಲ. ಬೆಟಗೇರಿಯ ನೇಕಾರನು ಮಗ್ಗ ಬಿಟ್ಟು ಎದ್ದರೆ ಆ ಹೊತ್ತಿನ ಕೂಲಿ ಹೋಗುತ್ತದೆ. ತಾಂಡಾಗಳ ಅನೇಕರು ದುಡಿಮೆಗಾಗಿ ಗೋವಾ, ಮಂಗಳೂರು ಕಡೆಗೆ ತೆರಳುತ್ತಾರೆ. ಇವೆಲ್ಲಕ್ಕೂ ಮಿಗಿಲಾದ ಇನ್ನೊಂದು ಕಾರಣವಿದೆ. ತಂದೆಗೆ ಶಾಲೆಯಿಂದ ಕರೆ ಬರುವುದು ಬಹುಮಟ್ಟಿಗೆ ದೂರು ಹೇಳುವುದಕ್ಕೆ ಅಥವಾ ದೇಣಿಗೆ ಕೇಳುವುದಕ್ಕೆ. ಅಕ್ಷರ ಬಾರದವನಿಗೆ ಸಂಕೋಚವೂ ಸೇರಿಕೊಳ್ಳುತ್ತದೆ.

ಇದರಿಂದಾಗುವ ಹಾನಿ

ನಿತ್ಯದ ಪಾಲನೆ ತಾಯಿಯದಾದರೂ ದೊಡ್ಡ ನಿರ್ಣಯಗಳು ಅನೇಕ ಮನೆಗಳಲ್ಲಿ ತಂದೆಯ ಕೈಯಲ್ಲಿವೆ. ಏಳನೇ ತರಗತಿ ಮುಗಿಸಿದ ಹುಡುಗಿಯನ್ನು ಪಕ್ಕದ ಊರಿನ ಪ್ರೌಢಶಾಲೆಗೆ ಕಳುಹಿಸಬೇಕೆ, ಗುಳೆ ಹೋಗುವಾಗ ಮಕ್ಕಳನ್ನು ಕರೆದೊಯ್ಯಬೇಕೆ ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ಮಗಳು ಚೆನ್ನಾಗಿ ಓದುತ್ತಾಳೆಂಬುದನ್ನು ಯಾರೂ ಅವನಿಗೆ ಹೇಳಿರದಿದ್ದರೆ, ಆ ತೀರ್ಮಾನದಲ್ಲಿ ಅವಳ ಓದಿಗೆ ಸ್ಥಾನವಿರುವುದಿಲ್ಲ.

ಶಾಲೆಗಳು ಕೈಗೊಳ್ಳಬಹುದಾದ ಕ್ರಮಗಳು

1. ಎತ್ತು ಹೂಡದ ಸೋಮವಾರ ಅಥವಾ ಅಮಾವಾಸ್ಯೆಯ ಸಂಜೆ ಸಭೆ ಕರೆಯುವುದು. ನೇಕಾರರ ಓಣಿಗಳಲ್ಲಿ ಅವರ ಬಿಡುವಿನ ವೇಳೆಯನ್ನು ಅವರನ್ನೇ ಕೇಳಿ ಗೊತ್ತುಪಡಿಸುವುದು.

2. ಮಗು ಓದುವುದನ್ನು, ಲೆಕ್ಕ ಬಿಡಿಸುವುದನ್ನು ತಂದೆಯ ಎದುರಿಗೇ ತೋರಿಸುವುದು. ಮೊದಲು ಮಗುವಿನ ಸಾಮರ್ಥ್ಯ, ಅನಂತರ ಕೊರತೆ ತಿಳಿಸುವುದು.

3. ಓದು ಬಾರದ ಪಾಲಕರಿಗೂ ಕೆಲಸ ನೀಡುವುದು. ಬಿತ್ತನೆಯ ಅಳತೆ, ಸಂತೆಯ ಲೆಕ್ಕ, ಮಗ್ಗದ ಎಳೆಗಳ ಎಣಿಕೆ ಇವೆಲ್ಲ ಗಣಿತವೇ. ಮಗು ಪ್ರತಿದಿನ ಒಂದು ಪುಟ ಓದುವಾಗ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡರೂ ಸಾಕು.

4. ದೂರದಲ್ಲಿ ದುಡಿಯುವ ತಂದೆಗೆ ತಿಂಗಳಿಗೊಮ್ಮೆ ದೂರವಾಣಿ ಮೂಲಕ ಪ್ರಗತಿ ತಿಳಿಸುವುದು.

5. ಗುಳೆ ಹೊರಡುವ ಮುನ್ನವೇ ಕುಟುಂಬದೊಡನೆ ಚರ್ಚಿಸುವುದು. ಮಗು ಅಜ್ಜ ಅಜ್ಜಿಯ ಬಳಿ ಉಳಿಯುವುದಾದರೆ ಅವರನ್ನೇ ಸಭೆಗೆ ಆಹ್ವಾನಿಸಬೇಕು. ಜೊತೆಗೆ ಹೋಗುವುದಾದರೆ ಕಾಯ್ದೆಯ 5ನೇ ಪ್ರಕರಣದಂತೆ ವರ್ಗಾವಣೆ ಪತ್ರವನ್ನು ತಡವಿಲ್ಲದೆ ನೀಡಬೇಕು. ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶ ನಿರಾಕರಿಸುವಂತಿಲ್ಲ.

ತಂದೆಯಿಲ್ಲದ ಮಕ್ಕಳೂ ನಮ್ಮ ತರಗತಿಗಳಲ್ಲಿದ್ದಾರೆ. ಆದ್ದರಿಂದ ಆಹ್ವಾನ ಪತ್ರದಲ್ಲಿ ‘ತಂದೆ, ತಾಯಿ ಅಥವಾ ಮನೆಯ ಹಿರಿಯರು’ ಎಂದೇ ಬರೆಯುವುದು ಯೋಗ್ಯ. ಮುಖ್ಯೋಪಾಧ್ಯಾಯರು ಮುಂದಿನ ಸಭೆಯ ದಿನ ಮತ್ತು ವೇಳೆಯನ್ನು ನಿಗದಿಪಡಿಸುವ ಮುನ್ನ ಪಾಲಕರ ಅನುಕೂಲವನ್ನು ವಿಚಾರಿಸುವುದರಿಂದಲೇ ಈ ಕಾರ್ಯವನ್ನು ಆರಂಭಿಸಬಹುದು.